ಬುಧವಾರಕ್ಕೆ ಗುಲಾಬಿ ಬಣ್ಣ

ಆ ಫೋನು ನನಗೆ ಬರಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಆಡಿಕೊಳ್ಳುವುದು ಬೇಡ. ನಮ್ಮ ಲಂಪಾಂಗ್ ಊರಿನ ನಗರಸಭೆಯ ಹೊಸವರ್ಷದ ಕೂಟದಲ್ಲಿ ಅದೃಷ್ಟದ ಚೀಟಿ ಹಂಚುವಾಗ ಸಾಲಿನಲ್ಲಿ ಮುಂದಿದ್ದವಳು ನಾನು. ನನ್ನ ಹಿಂದೆ ಪೀ ಬುಪ್ಪಾ. ನನಗಿಂತ ಹಿರಿಯಳು, ಹಾಗಾಗಿ ಹೆಸರಿನ ಮುಂದೆ, ಅಕ್ಕ ಎನ್ನುವ ಹಾಗೆ, ಪೀ ಸೇರಿಸದೆ ಕರೆಯುವಂತಿಲ್ಲ.

"ಬೆಂಜಾ, ಮಂಡಿ ಹಿಡ್ಕೊಂಡ್ಬಿಟ್ಟಿದೆ ಕಣೆ, ಸ್ವಲ್ಪ ಮುಂದೆ ಬಿಡ್ತೀಯಾ?" ಎಂದಳು.

ಬಿಟ್ಟೆ. ನನಗೆ ಬರಬೇಕಿದ್ದ ಚೀಟಿ ಅವಳ ಕೈ ಸೇರಿತು. ಕಚ್ಚಿದ ಸೇಬಿನ ಗುರುತಿನ ಫೋನು, ಮೊದಲ ಬಹುಮಾನ, ಅವಳ ಪಾಲಾಯಿತು. ನನಗೆ ಬಂದದ್ದು ಒಂದು ಪ್ಲಾಸ್ಟಿಕ್ ಬಕೆಟ್ಟು. ಮಂಡಿ ಹಿಡಿದುಕೊಂಡಿದ್ದವಳು ವೇದಿಕೆಯ ಮೆಟ್ಟಿಲನ್ನು ಓಡಿಕೊಂಡೇ ಹತ್ತಿದಳು. ಹೊಟ್ಟೆ ಉರಿಯದೆ ಇರುತ್ತದೆಯೇ?

ನನ್ನದು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಹೆಂಗಸರ ಕೂದಲು ಕತ್ತರಿಸಿ ಬಣ್ಣ ಹಚ್ಚುವ ಅಂಗಡಿ. ಊರಿನ ಸುದ್ದಿಯೆಲ್ಲ ನನ್ನ ಕನ್ನಡಿಯ ಮುಂದೆ ಕೂತು ಎದ್ದೇ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಬುಪ್ಪಾಳ ಬಗ್ಗೆ ನನಗೆ ಗೊತ್ತಿಲ್ಲದ್ದು ಕಡಿಮೆ. ಸೇತುವೆ ಪಕ್ಕದ ಮಾರುಕಟ್ಟೆಯಲ್ಲಿ ಅವಳು ಅಂಟನ್ನ ಮತ್ತು ಕಡ್ಡಿಗೆ ಚುಚ್ಚಿ ಸುಟ್ಟ ಹಂದಿಮಾಂಸ ಮಾರುತ್ತಿದ್ದಳು. ಕೋಳಿ ಕೂಗುವ ಮೊದಲೇ ಕೆಂಡ ಹೊತ್ತಿಸುತ್ತಿದ್ದಳು. ಊರಿನ ಅರ್ಧ ಮೇಷ್ಟ್ರುಗಳು ಅವಳು ಕಟ್ಟಿಕೊಟ್ಟ ಪೊಟ್ಟಣ ಹಿಡಿದುಕೊಂಡೇ ಶಾಲೆಗೆ ಹೋಗುತ್ತಿದ್ದುದು. ಅವಳ ಪಕ್ಕದ ಗಾಡಿ ಉಬೊನ್‌ಳದು. ಪಡ್ಡಿನ ಹಂಚಿನಂಥದೇ ಗುಳಿಗುಳಿ ಹಂಚಿನಲ್ಲಿ ಅಕ್ಕಿಹಿಟ್ಟು, ತೆಂಗಿನಹಾಲು ಹೊಯ್ದು ಉಬೊನ್ ಕನೊಮ್ ಕ್ರೊಕ್ ಮಾಡುತ್ತಿದ್ದಳು. ಚೆನ್ನಾಗಿಯೇ ಮಾಡುತ್ತಿದ್ದಳು. ಆದರೆ ಬುಪ್ಪಾಳ ಗಿರಾಕಿಗಳ ಸಾಲು ಬೆಳೆದು ಬೆಳೆದು ಉಬೊನ್‌ಳ ಗಾಡಿಗೆ ಅಡ್ಡ ನಿಲ್ಲುತ್ತಿತ್ತು, ಆ ಕಡೆ ಒಂದು ಗಾಡಿ ಇದೆಯೆಂಬುದೇ ಎಷ್ಟೋ ಜನಕ್ಕೆ ಕಾಣುತ್ತಿರಲಿಲ್ಲ.

ಮಂಡಿ ಕೈಕೊಟ್ಟ ಮೇಲೆ ಬುಪ್ಪಾ ಗಾಡಿ ನಿಲ್ಲಿಸಿದಳು. ಎಚ್ಚರವಾಗುವುದು ಮಾತ್ರ ನಿಲ್ಲಲಿಲ್ಲ. ಗಂಡ ಎಂದೋ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಬೆಳಗಿನ ಜಾವ ಎದ್ದು ಕೂತರೆ ಉಣ್ಣಿಸಲು ಒಬ್ಬರೂ ಇಲ್ಲ. ಆಗ ಹಿಡಿದದ್ದು ಈ ಚಿತ್ರದ ಹುಚ್ಚು.

ವಾರದ ಒಂದೊಂದು ದಿನಕ್ಕೂ ಒಂದೊಂದು ಬಣ್ಣವೆಂದು ನಮ್ಮಲ್ಲಿ ಹಾಲುಹಲ್ಲಿನ ಮಗುವಿಗೂ ಗೊತ್ತು. ಸೋಮವಾರ ಹಳದಿ, ಮಂಗಳವಾರ ಗುಲಾಬಿ, ಬುಧವಾರ ಹಸಿರು, ಹೀಗೆ ಸಾಗಿ ಭಾನುವಾರ ಕೆಂಪು. ಬುಪ್ಪಾ ತನ್ನ ಹಿತ್ತಿಲಿನಲ್ಲಿ ಆಯಾ ದಿನದ ಬಣ್ಣದ ಹೂವು ಹುಡುಕಿ, ಅಂಚು ಮುಕ್ಕಾದ ಒಂದು ಮಣ್ಣಿನ ಕುಂಡದಲ್ಲಿಟ್ಟು ಫೋಟೋ ತೆಗೆದು, ಮೇಲೆ ಅಕ್ಷರ ಬರೆಯುತ್ತಿದ್ದಳು. 'ಶುಭ ಸೋಮವಾರ, ಬೆನ್ನುನೋವಿಲ್ಲದೆ ಇರಿ.' 'ಶುಭ ಶುಕ್ರವಾರ, ಸೊಸೆಯೊಡನೆ ಜಗಳ ಬೇಡ.' ಸಂಜೆ ನಗರಸಭೆಯ ಮೈದಾನದಲ್ಲಿ ಹಾಡು ಹಾಕಿಕೊಂಡು ಕೈಕಾಲು ಆಡಿಸುವ ನಮ್ಮ ಹೆಂಗಸರದೊಂದು ಗುಂಪಿದೆ. ಆ ಗುಂಪಿನವರ ಫೋನುಗಳಿಗೆಲ್ಲ ಬೆಳಗಾಗುವ ಮೊದಲು ಅವಳ ಚಿತ್ರ ಬಂದು ಬೀಳುತ್ತಿತ್ತು. ಅದಕ್ಕೆ ಮುಂಚೆ ಬೇರೆ ಯಾರೂ ಏನೂ ಹಾಕುತ್ತಿರಲಿಲ್ಲ. ಹಾಕಬಾರದು ಎಂದು ಯಾರೂ ಹೇಳಿರಲಿಲ್ಲ, ಆದರೂ ಹಾಕುತ್ತಿರಲಿಲ್ಲ. ಆಮೇಲೆ ಉಬೊನ್ ಕೂಡ ಎಲ್ಲೆಲ್ಲಿಂದಲೋ ಸಿದ್ಧ ಚಿತ್ರ ತಂದು ಹಾಕುತ್ತಿದ್ದಳು. ಅದನ್ನು ಯಾರೂ ತೆರೆದು ನೋಡುತ್ತಿರಲಿಲ್ಲ, ನಾನೂ ನೋಡುತ್ತಿರಲಿಲ್ಲ.

ಇಂಥವಳಿಗೆ ಆ ಫೋನು ಬಂತು. ಸಂಜೆ ಮೈದಾನದಲ್ಲಿ ಅದನ್ನು ಎಲ್ಲರ ಕೈಗೂ ಒಂದೊಂದು ಗಳಿಗೆ ಕೊಟ್ಟು, ಬೆರಳಿನ ಗುರುತು ಬಿದ್ದದ್ದನ್ನು ಸೆರಗಿನಂತೆ ಹೊದ್ದಿದ್ದ ಟವೆಲಿನಿಂದ ಒರೆಸಿ ವಾಪಸ್ಸು ಇಸಿದುಕೊಂಡಳು. ಹಳೆಯ ಫೋನನ್ನು ಫಯಾವ್‌ನಲ್ಲಿರುವ ತಮ್ಮನ ಹೆಂಡತಿಗೆ ಕೊಟ್ಟುಕಳಿಸಿದಳು. "ನಂಗಿನ್ನು ಅದ್ಯಾಕೆ?" ಎಂದಳು, ಪಟ್ಟದ ರಾಣಿಯ ಹಾಗೆ. ಆ ನಾದಿನಿ ಅದನ್ನು ಅಲ್ಲಿನ ಅಂಗಡಿಗೆ ಒಯ್ದು, ಕೈಗೆ ಬಂದ ದಿನವೇ ಪೂರ್ತಿ ಖಾಲಿ ಮಾಡಿಸಿದಳು. ಇತ್ತ ಹೊಸ ಫೋನು ತೆರೆದು ನೋಡಿದರೆ ಗುಂಪಿನ ಹೆಸರಿದೆ, ಹಿಂದಿನ ಒಂದು ಮಾತೂ ಇಲ್ಲ, ಒಂದು ಹೂವೂ ಇಲ್ಲ. ಈ ಜಾತಿಯ ಫೋನಿನಿಂದ ಆ ಜಾತಿಯದಕ್ಕೆ ಹಳೆಯ ಮಾತುಕತೆ ದಾಟಿ ಬರುವುದಿಲ್ಲ ಎಂದು ನಮ್ಮೂರ ಫೋನಿನ ಅಂಗಡಿಯ ಹುಡುಗಿ ಮೊದಲೇ ಹೇಳಿದ್ದಳಂತೆ. ಆಗ ಬುಪ್ಪಾ ಫೋನಿಗೆ ಹಾಕುವ ಕವಚದ ಬಣ್ಣ ಆರಿಸುವುದರಲ್ಲಿದ್ದಳು.

ಮರುದಿನವೇ ನನ್ನ ಅಂಗಡಿಗೆ ಬಂದು ಕೂತಳು. ನನಗೆ ಒಳಗೊಳಗೇ ಖುಷಿ, ಅದನ್ನೂ ಮುಚ್ಚಿಡುವುದಿಲ್ಲ.

"ಹಳೇದ್ರಲ್ಲಿ ಕೆಳಗಡೆ ಒಂದು ಬಾಣ ಇತ್ತು. ಒತ್ತಿದ್ರೆ ಬಂದ ದಾರೀಲೇ ವಾಪಸ್ ಬರ್ತಿದ್ದೆ. ಇದ್ರಲ್ಲಿ ಎಲ್ಲಿದೆ ತೋರ್ಸು."

"ಇದ್ರಲ್ಲಿ ಇರಲ್ಲ ಪೀ. ಅಂಚಿಂದ ಹೀಗೆ ಎಳೀಬೇಕಂತೆ."

"ಒಳಗೆ ಹೋಗೋಕೆ ಮನೆ ತುಂಬ ಬಾಗಿಲು, ಹೊರಗೆ ಬರೋಕೆ ಒಂದೂ ಇಲ್ಲ. ಯಾವನು ಕಟ್ಟಿದ ಮನೆ ಇದು?"

ತಲೆಗೆ ಬಣ್ಣ ಹಚ್ಚಿ ಪ್ಲಾಸ್ಟಿಕ್ ಟೋಪಿ ಹಾಕಿದ್ದೆ. ಫೋನು ಅವಳ ಮುಖ ನೋಡಿ ತೆರೆಯಲು ಒಪ್ಪಲಿಲ್ಲ. "ಕನ್ನಡೀಲಿ ನನ್ನ ಮುಖ ನಂಗೆ ಗುರ್ತು ಸಿಗ್ತಿದೆ, ಇದಕ್ಕೇನು ದೊಡ್ಡಸ್ತಿಕೆ?" ಎಂದು ಬೈದಳು. ಕೀಲಿಮಣೆಯಲ್ಲಿ ಅಕ್ಷರಗಳು ಜಾಗ ಬದಲಿಸಿದ್ದವು. ವ್ಯಾನಿನಲ್ಲಿ ಕೂತು ಬರೆಯಲು ಹೋದರೆ, ಕುಲುಕಾಟಕ್ಕೆ ಅದು ಬರೆದದ್ದನ್ನು ಅಳಿಸಲೇ ಎಂದು ಕೇಳಿತಂತೆ. ಇವಳು ಒಳ್ಳೆಯದನ್ನೇ ಕೇಳುತ್ತಿರಬೇಕೆಂದು ಹೂಂ ಒತ್ತಿದಳಂತೆ. ಒಮ್ಮೆ ಹೂವಿನ ಫೋಟೋದ ಮೇಲೆ ಬೆರಳು ಒತ್ತಿ ಹಿಡಿದಳು, ಹೂವು ಹಿಂದಿನ ಗೋಡೆಯನ್ನು ಬಿಟ್ಟು ಬೆರಳಿಗೆ ಅಂಟಿಕೊಂಡು ಎದ್ದು ಬಂತು. ಗಾಬರಿಯಾಗಿ ಫೋನನ್ನು ನನ್ನ ಬಾಚಣಿಗೆಗಳ ನಡುವೆ ಎಸೆದಳು. "ನಾನೇನೂ ಕೀಳ್ಲಿಲ್ಲ ಬೆಂಜಾ, ಅದೇ ಕಿತ್ಕೊಂಡು ಬಂತು."

ಚಿತ್ರದ ಮೇಲೆ ಅಕ್ಷರ ಬರೆಯುವ ಅವಳ ಹಳೆಯ ಆಟಿಕೆಯಂಥ ಆ್ಯಪ್ ಇದರಲ್ಲಿ ಸಿಗಲಿಲ್ಲ. ಬೇರೆಯದು ಹಾಕಿಕೊಳ್ಳೋಣವೆಂದರೆ ಪಾಸ್‌ವರ್ಡ್ ಕೇಳಿತು. ಇಟ್ಟ ಪಾಸ್‌ವರ್ಡ್ ಏನೆಂದು ಅವಳಿಗೆ ನೆನಪಿರಲಿಲ್ಲ. ಸೋಮವಾರ ಗುಂಪಿನಲ್ಲಿ ಯಾವ ಹಳದಿಯೂ ಬರಲಿಲ್ಲ. ಮಂಗಳವಾರವಿಡೀ ಹೆಣಗಿ, ಪಕ್ಕದ ಮನೆಯವರನ್ನು ಗೋಳುಹೊಯ್ದುಕೊಂಡು, ಹಿತ್ತಿಲ ಕಾಗದದ ಹೂವಿನದೊಂದು ಗುಲಾಬಿ ಬಣ್ಣದ ಚಿತ್ರ ಮಾಡಿದಳು. ಕಳಿಸುವ ಗುರುತು ಎಲ್ಲಿದೆಯೆಂದು ಗೊತ್ತಾದದ್ದು ಮರುದಿನ ಬೆಳಿಗ್ಗೆ. ಹಟಕ್ಕೆ ಬಿದ್ದವಳು ಮಾಡಿದ್ದನ್ನು ಬಿಡುವುದುಂಟೇ, ಒತ್ತಿಬಿಟ್ಟಳು.

ಬುಧವಾರದ ದಿನ ಗುಲಾಬಿ ಬಣ್ಣ. 'ಶುಭ ಮಂಗಳವಾರ' ಎಂದು ಬೇರೆ ದಪ್ಪಕ್ಷರದಲ್ಲಿ.

ಗುಂಪಿನವರೆಲ್ಲ ಅದನ್ನು ತೆರೆದು ನೋಡಿದರು. ಆಮೇಲೆ ಒಬ್ಬಳು ಬರೆದಳು: 'ಪೀ ಬುಪ್ಪಾ, ಹುಷಾರಾಗಿದ್ದೀಯಾ?' ಮರೆವು ಶುರುವಾಯಿತೇ ಎಂದು ಕೇಳುವ ಮರ್ಯಾದೆಯ ದಾರಿ ಅದು. ಅದರ ಬೆನ್ನಿಗೇ ಉಬೊನ್‌ಳ ಚಿತ್ರ ಬಂತು. ಕುಂಡದಲ್ಲಿ ಎಳೆ ಹಸಿರು ಜರಿಗಿಡ, ಎಲೆಯ ಮೇಲೆ ನೀರಹನಿ, 'ಶುಭ ಬುಧವಾರ'. ಹೃದಯದ ಗುರುತುಗಳು ಸಾಲುಗಟ್ಟಿದವು. 'ಎಷ್ಟು ಚೆನ್ನಾಗಿದೆ ಉಬೊನ್', 'ಕಣ್ಣು ತಂಪಾಯಿತು ಉಬೊನ್'.

ಬುಪ್ಪಾ ಚಪ್ಪಲಿ ಅದಲುಬದಲು ಹಾಕಿಕೊಂಡು ನನ್ನ ಅಂಗಡಿಗೆ ಬಂದಳು.

"ಈ ಕುಂಡ ಯಾರದ್ದು, ನೋಡಿ ಹೇಳು."

ನೋಡಿದೆ. ಅಂಚು ಮುಕ್ಕಾಗಿತ್ತು.

"ನಿಂದೇ."

"ಹೋದ ಮಳೆಗಾಲದಲ್ಲಿ ನಾನೇ ಹಾಕಿದ ಚಿತ್ರ. ನನ್ನ ಜರಿಗಿಡ, ನನ್ನ ಅಕ್ಷರ."

"ಹಾಗಂತ ಗುಂಪಲ್ಲಿ ಬರೆದ್ಬಿಡು ಪೀ."

"ಏನಂತ ಬರೀಲಿ? ನನ್ನ ಚಿತ್ರ ನನ್ ಹತ್ರ ಇಲ್ಲ, ಅವಳ ಹತ್ರ ಇದೆ ಅಂತಲಾ?" ಕುರ್ಚಿಯಲ್ಲಿ ಕುಸಿದಳು. "ಅದು ಹೋಗ್ಲಿ. ಅದೇ ಗಿಡ, ಅದೇ ಕುಂಡ. ನಾನು ಹಾಕ್ದಾಗ ಒಬ್ಬಳಾದ್ರೂ ಕಣ್ಣು ತಂಪಾಯ್ತು ಅಂದಿದ್ಳಾ?"

ಅಂದಿರಲಿಲ್ಲ. ದಿನಾ ಬರುವುದನ್ನು ಯಾರು ಹೊಗಳುತ್ತಾರೆ? ಗುರುವಾರ ಉಬೊನ್ ಕಿತ್ತಳೆ ಬಣ್ಣದ ಚೆಂಡುಹೂವು ಹಾಕಿದಳು, ಶುಕ್ರವಾರ ತಿಳಿನೀಲಿ ಶಂಖಪುಷ್ಪ. ಎಲ್ಲ ಬುಪ್ಪಾಳವೇ. ಒಂದೊಂದಕ್ಕೂ ಬುಪ್ಪಾ ಬಂದು ನನ್ನ ಮುಂದೆ ಉರಿದುಕೊಂಡು ಹೋಗುತ್ತಿದ್ದಳು. ಸಂಜೆ ಮೈದಾನಕ್ಕೆ ಬರುವುದನ್ನೂ ಬಿಟ್ಟಳು. ಉಬೊನ್ ಮಾತ್ರ ಮೊದಲ ಸಾಲಿನಲ್ಲಿ ಕುಣಿಯುತ್ತಿದ್ದಳು. ಅವಳು ಮೊದಲ ಸಾಲಿಗೆ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಶನಿವಾರ ಬುಪ್ಪಾ ನನ್ನ ಅಂಗಡಿಯಲ್ಲಿ ಕೂದಲು ತೊಳೆಸಿಕೊಂಡು ಕೂತಿರುವಾಗ ಉಬೊನ್ ಬಾಗಿಲು ತಳ್ಳಿದಳು. ಮನೆಯಲ್ಲೇ ತಲೆಗೆ ಬಣ್ಣ ಬಳಿದುಕೊಳ್ಳುವ ಹೆಂಗಸು, ಅಂದು ಅಂಗಡಿಗೆ ಬಂದಿದ್ದಳು. ಹೊಗಳಿಕೆ ನೆತ್ತಿಗೆ ಏರಿದರೆ ಕೂದಲಿಗೂ ಖರ್ಚು.

"ಬಾ ತಾಯಿ," ಎಂದಳು ಬುಪ್ಪಾ ಕನ್ನಡಿಯಲ್ಲೇ ನೋಡುತ್ತ. "ಇವತ್ತು ಕಡುನೇರಳೆ ಆರ್ಕಿಡ್ ಹಾಕಿದ್ಯಲ್ಲ, ಎಲ್ಲಿ ಬೆಳೆದೆ ಅದನ್ನ? ನನ್ನ ಹಿತ್ತಿಲಲ್ಲಾ?"

ಉಬೊನ್ ನಾಚಿಕೊಳ್ಳುತ್ತಾಳೆಂದು ಕಾದೆ. ಅವಳು ಬಂದು ಪಕ್ಕದ ಕುರ್ಚಿಯಲ್ಲಿ ಕೂತು, ಗಾಜು ಸೀಳಿದ ತನ್ನ ಫೋನನ್ನು ಬುಪ್ಪಾಳ ಮಡಿಲಲ್ಲಿಟ್ಟಳು. ಒಂದೊಂದು ಬಣ್ಣಕ್ಕೂ ಚಿತ್ರಗಳ ಒಂದೊಂದು ಕಟ್ಟು. ಬುಪ್ಪಾ ಇಷ್ಟು ವರ್ಷ ಹಾಕಿದ ಚಿತ್ರ ಅಷ್ಟೂ ಅದರಲ್ಲಿತ್ತು.

"ಕದಿಯೋಕೆ ಅಂತ ಕೂಡಿಟ್ಟಿದ್ಯಾ?"

"ಅಲ್ಲ ಪೀ. ನಿನ್ನ ಹೂವಲ್ಲಿ ಏನಿದೆ, ನಾನು ಹಾಕೋದ್ರಲ್ಲಿ ಏನಿಲ್ಲ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಿದ್ದೆ. ಎಷ್ಟು ನೋಡಿದ್ರೂ ಗೊತ್ತಾಗ್ಲಿಲ್ಲ. ಹೊಟ್ಟೆ ಉರೀತಿತ್ತು."

"ಹಾಗಂತ ನಂದನ್ನೇ ನಿಂದು ಅಂತ ಹಾಕೋದಾ?"

"ನನ್ನದು ಅಂತ ನಾನೆಲ್ಲಿ ಅಂದೆ? ಬುಧವಾರ ನೀನು ತಪ್ಪು ಬಣ್ಣ ಹಾಕ್ದೆ, ಎಲ್ಲ ಏನೇನೋ ಅಂದ್ಕೋತಿದ್ರು. ಮುಚ್ಚಿಹೋಗ್ಲಿ ಅಂತ ಹಾಕ್ದೆ. ಚೆನ್ನಾಗಿದೆ ಉಬೊನ್ ಅಂದ್ರು." ಅವಳು ತಲೆ ತಗ್ಗಿಸಿದಳು. "ಆಮೇಲೆ ಬಿಡೋಕಾಗ್ಲಿಲ್ಲ. ಮಾರ್ಕೆಟ್ಟಲ್ಲಿ ನಿನ್ನ ಸಾಲು ನನ್ನ ಗಾಡೀನ ಮುಚ್ಚಿಹಾಕ್ತಿತ್ತು. ನೀನು ಗಾಡಿ ಬಿಟ್ಮೇಲಾದ್ರೂ ನಾನೊಬ್ಬಳಿದೀನಿ ಅಂತ ಕಾಣತ್ತೆ ಅಂದ್ಕೊಂಡೆ. ಫೋನಲ್ಲೂ ನೀನೇ ಮುಂದೆ ಬಂದು ನಿಂತೆ. ಈ ವಾರ ಮೊದಲ್ನೇ ಸಲ ಎಲ್ಲಾರೂ ನನ್ನ ಹೆಸರು ಹಿಡಿದು ಮಾತಾಡಿಸಿದ್ರು."

ನಾನು ಕತ್ತರಿ ಒರೆಸಿದೆ. ಬುಪ್ಪಾ ಮಡಿಲಿನ ಫೋನನ್ನು ಎತ್ತಿಕೊಂಡಳು. ಉಬೊನ್‌ಳ ಫೋನಿನಲ್ಲಿ ಒಂದು ಚಿತ್ರ ತೆರೆದಳು, ಹೆಬ್ಬೆರಳು ತಾನಾಗಿಯೇ ಕೆಳಗಿನ ಬಾಣಕ್ಕೆ ಹೋಗಿ ವಾಪಸ್ಸು ಬಂತು, ಇನ್ನೊಂದು ತೆರೆದಳು, ಮತ್ತೆ ವಾಪಸ್ಸು. ತೌರುಮನೆಯ ಅಂಗಳದಲ್ಲಿ ಓಡಾಡಿದಂತೆ ಓಡಾಡಿದಳು.

"ಎಷ್ಟು ಚೆನ್ನಾಗಿದೆ ನಿನ್ನ ಫೋನು," ಎಂದಳು. ಅವಳ ದನಿಯಲ್ಲಿ ನಿಜವಾದ ಹೊಟ್ಟೆಕಿಚ್ಚಿತ್ತು.

"ಬೇಕಿದ್ರೆ ಬದಲಾಯಿಸ್ಕೊಳ್ಳೋಣ ಪೀ."

ಬುಪ್ಪಾ ಥಟ್ಟನೆ ತನ್ನ ಹೊಸ ಫೋನನ್ನು ಟವೆಲಿನೊಳಗೆ ಸೇರಿಸಿದಳು. "ಬಹುಮಾನ ಬಂದಿದ್ದನ್ನ ಯಾರಾದ್ರೂ ಕೊಡ್ತಾರಾ?"

ಉಬೊನ್ ನಕ್ಕುಬಿಟ್ಟಳು. ಆಮೇಲೆ ಅಲ್ಲೇ ಕೂತು ಚಿತ್ರಗಳನ್ನೆಲ್ಲ ಬುಪ್ಪಾಳಿಗೆ ಕಳಿಸತೊಡಗಿದಳು. ಟವೆಲಿನೊಳಗೆ ಫೋನು ಗುಂಯ್ ಗುಂಯ್ ಎನ್ನುತ್ತಿತ್ತು, ಬುಪ್ಪಾ ಅದನ್ನು ಒತ್ತಿ ಹಿಡಿದುಕೊಂಡಿದ್ದಳು. ಕೊನೆಯ ಕೆಂಪು ಕಟ್ಟಿಗೆ ಬಂದಾಗ ಉಬೊನ್‌ಳ ಬೆರಳು ನಿಂತಿತು.

"ಒಂದು ದಿನ ನಂಗೆ ಬಿಡು ಪೀ. ಭಾನುವಾರ."

"ಭಾನುವಾರವೇ ಯಾಕೆ?"

"ಸ್ಕೂಲಿಗೆ ರಜ ಅಂತ ನೀನು ಭಾನುವಾರ ಗಾಡಿ ಹಾಕ್ತಿರ್ಲಿಲ್ಲ. ಅವತ್ತು ನನ್ನ ಗಾಡಿ ಸೇತುವೆ ಆ ತುದಿಯಿಂದ್ಲೂ ಕಾಣ್ತಿತ್ತು."

ಬುಪ್ಪಾ ಕನ್ನಡಿಯಲ್ಲಿ ಉಬೊನ್‌ಳನ್ನು ನೋಡಿದಳು. ಇಷ್ಟು ವರ್ಷ ಪಕ್ಕದಲ್ಲೇ ಬೆಂಕಿ ಹೊತ್ತಿಸಿದವಳನ್ನು ಈಗಷ್ಟೇ ನೋಡಿದವಳ ಹಾಗೆ ನೋಡಿದಳು. "ತಗೋ," ಎಂದಳು ಕೊನೆಗೆ. "ಆದ್ರೆ ನನ್ನ ಕುಂಡ ಬೇಡ. ನಿಂದೇ ಏನಾದ್ರೂ ಹಾಕು."

ಮರುದಿನ ಬೆಳಿಗ್ಗೆ ಉಬೊನ್‌ಳ ಚಿತ್ರ ಬಂತು. ಅವಳ ಹಳೆಯ ಕನೊಮ್ ಕ್ರೊಕ್ ಹಂಚು, ಉಜ್ಜಿ ಹೊಳಪು ಮಾಡಿದ್ದು. ಅದರ ಒಂದೊಂದು ಗುಳಿಯಲ್ಲೂ ಕೇಪಳದ ಒಂದೊಂದು ಕೆಂಪು ಗೊಂಚಲು. ಗುಂಪಿನಲ್ಲಿ ಹಬ್ಬವೇ ಆಯಿತು. ಸಂಜೆಯವರೆಗೂ ಹೊಗಳಿಕೆ ನಿಲ್ಲಲಿಲ್ಲ. ಎಲ್ಲರೂ ಹೃದಯ ಒತ್ತಿ ಮುಗಿಸಿ, ಮೈದಾನದಲ್ಲಿ ಹಾಡು ಮುಗಿದು, ನಾವು ಬೆವರು ಒರೆಸಿಕೊಂಡು ಮನೆಗೆ ಹೊರಟ ಮೇಲೆ ಬುಪ್ಪಾಳ ಹೃದಯ ಬಂತು. ಸೋಮವಾರ ಮಾತ್ರ ಕತ್ತಲು ಹರಿಯುವ ಮೊದಲೇ ಅವಳ ಹಳದಿ ಹೂವು ಬಂದು ಬಿದ್ದಿತ್ತು. ಈ ಸಲ ಕುಂಡದಲ್ಲಲ್ಲ, ಅಂಟನ್ನವನ್ನು ಹಬೆಯಲ್ಲಿ ಬೇಯಿಸುತ್ತಿದ್ದ ಬಿದಿರಿನ ಬುಟ್ಟಿಯಲ್ಲಿ.

ಈಗಲೂ ಅಷ್ಟೇ. ವಾರದಲ್ಲಿ ಆರು ದಿನ ಬುಪ್ಪಾಳವು, ಭಾನುವಾರ ಉಬೊನ್‌ಳದು. ಭಾನುವಾರದ ಚಿತ್ರಕ್ಕೆ ಬುಪ್ಪಾಳ ಹೃದಯ ಎಲ್ಲರಿಗಿಂತ ಕೊನೆಗೆ, ದೀಪ ಹಚ್ಚುವ ಹೊತ್ತಿಗೆ ಬರುತ್ತದೆ. ಯಾಕೆ ಪೀ ಇಷ್ಟು ತಡ ಎಂದು ಕೇಳಿದರೆ, "ಹೊಸ ಫೋನು ಕಣೆ, ಇನ್ನೂ ಕೈಗೆ ಹೊಂದಿಕೊಂಡಿಲ್ಲ, ಎಲ್ಲೊತ್ತಬೇಕು ಅಂತಾನೇ ಗೊತ್ತಾಗಲ್ಲ" ಎನ್ನುತ್ತಾಳೆ. ಅದೇ ಕೂಟದಲ್ಲಿ ಬಂದ ನನ್ನ ಬಕೆಟ್ಟಿನ ಹಿಡಿ ಮುರಿದು, ತಳ ಸೀಳಿ, ಈಗ ಅದರಲ್ಲಿ ನಾನು ಕೊತ್ತಂಬರಿ ಬೆಳೆಯುತ್ತಿದ್ದೇನೆ. ಅವಳ ಫೋನು ಮಾತ್ರ ಇನ್ನೂ ಹೊಸದೇ.