ಬೂದಿ ಟ್ಯಾಂಕಿನ ಮೇಲೆ, ಉತ್ತರ ಪೈಪಿನೊಳಗೆ

ಹಲಸೂರಿನ ಮುನೀಂದ್ರ ಅವರು ಎರಡೇ ಎರಡು ವಿಷಯಗಳಲ್ಲಿ ಹಟ ಹಿಡಿದವರು. ಪ್ರೋಗ್ರಾಂ ಬರೆದರೆ ಸಿ ಭಾಷೆಯಲ್ಲೇ ಬರೆಯಬೇಕು. ಪಾರಿವಾಳ ಸಾಕಿದರೆ ರೇಸಿನದನ್ನೇ ಸಾಕಬೇಕು. ಬಿ.ಎಸ್‌ಸಿ. ಮುಗಿಸಿ, ಕಾರ್ಖಾನೆಯೊಂದರಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಕೆಲಸವನ್ನು ಮೂವತ್ತಮೂರು ವರ್ಷ ಮಾಡಿ, ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಸಿ ಕಲಿತದ್ದು ಇಂದಿರಾನಗರದ ಒಂದು ಸಂಜೆ ಕ್ಲಾಸಿನಲ್ಲಿ. ಕೇಳಿದ್ದು ಬಂದಿದೆಯೋ ಇಲ್ಲವೋ ನೋಡದೆ ಮುಂದಿನ ಹೆಜ್ಜೆ ಇಡಬಾರದು ಎಂಬ ಅದರ ಶಿಸ್ತು ಅವರಿಗೆ ಎಷ್ಟು ಹಿಡಿಸಿತೆಂದರೆ, ಹೆಂಡತಿ ಶಾಂತಕುಮಾರಿ ಕಾಫಿ ಕೊಟ್ಟರೂ ಲೋಟದೊಳಗೆ ಒಮ್ಮೆ ಇಣುಕಿ ನೋಡಿಯೇ ಬಾಯಿಗೆ ಇಡುತ್ತಿದ್ದರು. ಒಂದು ದಿನ ಶಾಂತಕುಮಾರಿ ಬೇಕೆಂದೇ ಬರೀ ಲೋಟ ಕೊಟ್ಟರು. ಮುನೀಂದ್ರ ಅವರು ನೋಡಿ, "ಖಾಲಿ" ಎಂದು ವಾಪಸ್ಸು ಕೊಟ್ಟು ಪೇಪರ್ ಓದತೊಡಗಿದರು. ಕೋಪವಿಲ್ಲ, ನಗುವಿಲ್ಲ. ಶಾಂತಕುಮಾರಿಯವರಿಗೆ ಅಂದು ಇಡೀ ದಿನ ಬೇಜಾರು.

ಅವರ ಪಾರಿವಾಳ ಸಂಘದಲ್ಲಿ ಹನ್ನೆರಡು ಜನ. ಅನಂತಪುರದ ಆಚೆ ಬೆಳಗ್ಗೆ ಏಳಕ್ಕೆ ಹಕ್ಕಿಗಳನ್ನು ಬಿಡುತ್ತಾರೆ. ಅವು ತಮ್ಮ ತಮ್ಮ ಗೂಡಿಗೆ ಹಾರಿ ಬರುತ್ತವೆ. ಪ್ರತಿ ಹಕ್ಕಿಯ ಕಾಲಿಗೂ ಒಂದು ರಬ್ಬರ್ ಉಂಗುರ, ಅದರ ಒಳಮೈಯಲ್ಲಿ ಗುಟ್ಟಿನ ನಂಬರು. ಹಕ್ಕಿ ಗೂಡಿನೊಳಗೆ ಕಾಲಿಟ್ಟ ಮೇಲಷ್ಟೇ ಉಂಗುರ ಬಿಚ್ಚಿ ನಂಬರು ಓದಲು ಸಾಧ್ಯ. ಮಾಡಿನ ಮೇಲೆ ಕೂತ ಹಕ್ಕಿ ಇನ್ನೂ ಬಂದಿಲ್ಲವೆಂದೇ ಲೆಕ್ಕ. ಊರೊಳಗಿನ ಗೂಡುಗಳ ನಡುವೆ ಇರುವ ಎರಡು ಮೂರು ಕಿಲೋಮೀಟರ್ ವ್ಯತ್ಯಾಸವನ್ನು ಸಂಘ ಗಣನೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಇದನ್ನು ಮುನೀಂದ್ರ ಅವರು ಮೂರು ಸಭೆಗಳಲ್ಲಿ ವಿರೋಧಿಸಿ, ಮೂರರಲ್ಲೂ ಹನ್ನೊಂದು–ಒಂದರಿಂದ ಸೋತಿದ್ದರು.

ಸಮಯ ಬರೆದುಕೊಳ್ಳುವುದರಲ್ಲಿ ಪ್ರತಿ ಸಲ ಜಗಳ. ಒಬ್ಬೊಬ್ಬರ ಗಡಿಯಾರ ಒಂದೊಂದು ಹೇಳುತ್ತಿತ್ತು. ಕೊನೆಗೆ ಮುನೀಂದ್ರ ಅವರು ಒಂದು ಉಪಾಯ ಹೇಳಿದರು. ಶಿವಾಜಿನಗರದಲ್ಲಿ ಸಂಘದ ಕಾರ್ಯದರ್ಶಿ ಆದಿಲ್ ಅವರ ಸೋಫಾ ಅಂಗಡಿಯ ಅಟ್ಟದಲ್ಲಿ ಒಂದು ಡೇಟಾಬೇಸ್ ಸರ್ವರ್ ಇಟ್ಟು ಬೀಗ ಹಾಕುವುದು. ಲೆಕ್ಕಕ್ಕೆ ಗಡಿಯಾರ ಅದರದ್ದೇ. ಹಕ್ಕಿ ಒಳಗೆ ಬಂದ ಕೂಡಲೇ ಮಾಲೀಕರು ಮುನೀಂದ್ರ ಅವರಿಗೆ ಫೋನ್ ಮಾಡಿ ನಂಬರು ಹೇಳುವುದು. ಅವರು ಮನೆಯಿಂದಲೇ ತಮ್ಮ ಸಿ ಪ್ರೋಗ್ರಾಮಿಗೆ ಅದನ್ನು ಕೊಡುವುದು.

"ನಿಮ್ಮ ಪ್ರೋಗ್ರಾಂ ಇಲ್ಲಿ, ಡಬ್ಬ ಅಲ್ಲಿ. ಮಾತಾಡೋದು ಹೆಂಗೆ ಸಾರ್?" ಎಂದು ಆದಿಲ್ ಕೇಳಿದರು.

"ಮಧ್ಯದಲ್ಲಿ ಲೈಬ್ರರಿ ಅಂತ ಒಂದಿದೆ. ಅದು ಸಂಪರ್ಕ ತೆರೆಯುತ್ತೆ, ನಮ್ಮ ಪ್ರಶ್ನೆ ತಗೊಂಡು ಹೋಗುತ್ತೆ, ಉತ್ತರ ಒಂದೊಂದೇ ಸಾಲು ತಂದು ಕೊಡುತ್ತೆ. ಸಾಲು ಮುಗೀತು ಅಂತ ಅದು ಹೇಳೋವರೆಗೂ ನಾವು ತಗೋತಾ ಇರ್ಬೇಕು."

"ಅರೆ, ಪಾರಿವಾಳ ಅನ್ನಿ!"

"ಪಾರಿವಾಳಕ್ಕಿಂತ ಸ್ವಲ್ಪ ಮಾತು ಕೇಳುತ್ತೆ."

ಆದಿಲ್ ಅವರ ಮುಖದಲ್ಲಿ ಇನ್ನೂ ಅನುಮಾನವಿತ್ತು. "ಅದೆಲ್ಲ ಸರಿ. ರೇಸಲ್ಲಿ ನಿಮ್ ಹಕ್ಕಿನೂ ಇರ್ತದಲ್ಲ ಸಾರ್. ಪ್ರೋಗ್ರಾಂ ನಿಮ್ದು, ಬೆರಳು ನಿಮ್ದು. ಒಂದೇ ಒಂದು ಸಲ ನೋಡ್ತೀವಿ. ಡೌಟ್ ಬಂತೋ, ಮತ್ತೆ ನೋಟ್‌ಬುಕ್ಕು."

ಈ ಮಾತು ಮುನೀಂದ್ರ ಅವರಿಗೆ ನಾಟಿತು. ಮೂವತ್ತಮೂರು ವರ್ಷ ಬೇರೆಯವರ ಅಳತೆ ಸರಿಯೋ ತಪ್ಪೋ ಎಂದು ಹೇಳಿದ ಮನುಷ್ಯನ ಅಳತೆಯನ್ನೇ ಸಂಘ ಅನುಮಾನಿಸುವುದೆಂದರೇನು? ಅವರು ವಾರವಿಡೀ ಕೂತು ಪ್ರೋಗ್ರಾಮನ್ನು ಬಿಗಿ ಮಾಡಿದರು. ನಂಬರು ಕೊಟ್ಟರೆ, ಅದು ಮೊದಲು ಸರ್ವರಿನಿಂದ ರೇಸಿನ ನಲವತ್ತಾರು ನಂಬರುಗಳ ಪಟ್ಟಿ ತರಿಸಿ ಹೋಲಿಸಬೇಕು. ಸಿಕ್ಕರಷ್ಟೇ ಸಮಯ ದಾಖಲಿಸಬೇಕು. ಶನಿವಾರ ಒಂದು ಸಣ್ಣ ಸುಧಾರಣೆಯನ್ನೂ ಮಾಡಿದರು: ನಂಬರು ಸಿಕ್ಕ ಮೇಲೆ ಪಟ್ಟಿಯ ಉಳಿದ ಸಾಲು ಓದುವುದೇಕೆ? ಅಲ್ಲಿಗೇ ನಿಲ್ಲಿಸು. ಆಮೇಲೆ ಇಪ್ಪತ್ತು ಸುಳ್ಳು ನಂಬರು ಕೊಟ್ಟು ನೋಡಿದರು. ಇಪ್ಪತ್ತನ್ನೂ ಪ್ರೋಗ್ರಾಂ ತಿರಸ್ಕರಿಸಿತು. ನೆಮ್ಮದಿಯಿಂದ ಮಲಗಿದರು.

ಭಾನುವಾರ ಹತ್ತು ಗಂಟೆ ಏಳು ನಿಮಿಷಕ್ಕೆ ಫೋನ್ ಬಂತು. ಆದಿಲ್. ಅದೇ ಕ್ಷಣ ಮಹಡಿಯ ಮೇಲಿಂದ ಶಾಂತಕುಮಾರಿಯವರ ಕೂಗು: "ರೀ! ಬೂದಿ ಬಂದ್ಲು! ಟ್ಯಾಂಕ್ ಮೇಲೆ ಕೂತವ್ಳೆ!"

ಬೂದಿ ಮುನೀಂದ್ರ ಅವರ ಮೆಚ್ಚಿನ ಹೆಣ್ಣು ಹಕ್ಕಿ. ಐದು ವರ್ಷದಲ್ಲಿ ಅವಳು ಒಮ್ಮೆಯೂ ಇಷ್ಟು ಬೇಗ ಬಂದಿರಲಿಲ್ಲ. ಆದರೆ ಅವಳದ್ದೊಂದು ಚಾಳಿ. ಮುನೀಂದ್ರ ಅವರೇ ಜೋಳದ ಡಬ್ಬಿ ಅಲ್ಲಾಡಿಸಿದರೆ ಮಾತ್ರ ಗೂಡಿಗೆ ಇಳಿಯುತ್ತಿದ್ದಳು.

"ನಂಬರ್ ತಗೊಳ್ಳಿ ಸಾರ್, ನಾಲ್ಕು ಒಂಬತ್ತು ಏಳು ಎರಡು," ಎಂದರು ಆದಿಲ್. ಮುನೀಂದ್ರ ಅವರು ಒತ್ತಿದರು. ನಂಬರು ಪಟ್ಟಿಯ ಒಂಬತ್ತನೇ ಸಾಲಿನಲ್ಲಿ ಸಿಕ್ಕಿತು. ಸಮಯ ದಾಖಲಿಸು ಎಂದರೆ ಲೈಬ್ರರಿ ಒಪ್ಪಲಿಲ್ಲ. ಹಿಂದಿನ ಉತ್ತರ ಇನ್ನೂ ಬಾಕಿ ಇದೆ, ಹೊಸ ಆಜ್ಞೆ ಈಗ ಬೇಡ ಎಂದಿತು. ಮತ್ತೆ ಒತ್ತಿದರು. ಮತ್ತೆ ಅದೇ.

ಅವರಿಗೆ ತಕ್ಷಣ ಹೊಳೆಯಿತು. ಸುಳ್ಳು ನಂಬರು ಪಟ್ಟಿಯಲ್ಲಿ ಸಿಗದೆ, ಪ್ರೋಗ್ರಾಂ ಪ್ರತಿ ಸಲ ಕೊನೆಯ ಸಾಲಿನವರೆಗೂ ಓದುತ್ತಿತ್ತು. ನಿಜವಾದ ನಂಬರು ನಡುವೆಯೇ ಸಿಕ್ಕಿತು. ಉಳಿದ ಮೂವತ್ತೇಳು ಸಾಲು ತೆಗೆದುಕೊಳ್ಳುವವರಿಲ್ಲದೆ ಸಂಪರ್ಕದ ಪೈಪಿನೊಳಗೇ ನಿಂತಿದ್ದವು. ಮೋಸಗಾರರಿಗೆಂದು ಇಪ್ಪತ್ತು ಪರೀಕ್ಷೆ ಮಾಡಿದವರು ಪ್ರಾಮಾಣಿಕ ಹಕ್ಕಿಗೆಂದು ಒಂದನ್ನೂ ಮಾಡಿರಲಿಲ್ಲ.

"ಏನಾಯ್ತು ಸಾರ್? ಬಿತ್ತಾ?"

"ಬಿದ್ದಿಲ್ಲ. ತಪ್ಪು ನನ್ದು. ಸರಿ ಮಾಡಿ, ಮೊದಲು ನಿಮ್ದೇ ಹಾಕ್ತೀನಿ."

ಮೇಲಿಂದ ಮತ್ತೆ ಕೂಗು: "ರೀ, ಬರ್ತೀರೋ ಇಲ್ವೋ? ನಾನು ಡಬ್ಬಿ ಅಲ್ಲಾಡಿಸಿದ್ರೆ ಇವ್ಳು ಬೆನ್ನು ತಿರುಗಿಸಿ ಕೂರ್ತಾಳೆ!"

ಮುನೀಂದ್ರ ಅವರ ಕಾಲು ಮೆಟ್ಟಿಲ ಕಡೆ ತಾನಾಗಿ ತಿರುಗಿತು. ಒಂದು ನಿಮಿಷದ ಕೆಲಸ. ಬೂದಿಯನ್ನು ಇಳಿಸಿ, ಬಂದು ಪ್ರೋಗ್ರಾಂ ಸರಿ ಮಾಡಿ, ಮೊದಲು ಅವಳ ನಂಬರು ಒತ್ತಿದರೆ ಬೀಗ ಹಾಕಿದ ಗಡಿಯಾರವೇ ಅವಳು ಗೆದ್ದಳೆಂದು ಸಾಕ್ಷಿ ಹೇಳುತ್ತದೆ. ಯಾರೂ ಏನೂ ಹಿಡಿಯಲಾರರು. ಅವರು ಕಾಲನ್ನು ಮತ್ತೆ ಮೇಜಿನ ಕೆಳಗೆ ಸೇರಿಸಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತರು.

ನಂಬರು ಸಿಕ್ಕರೂ ಕೊನೆಯವರೆಗೆ ಓದು ಎಂದು ತಿದ್ದಿ, ಕಂಪೈಲ್ ಮಾಡಲು ನಾಲ್ಕು ನಿಮಿಷ. ಆದಿಲ್ ಅವರ ನಂಬರು ಬಿತ್ತು. ಇನ್ನೇನು ಏಳಬೇಕು, ಬಾಣಸವಾಡಿಯಿಂದ ಮುನಿಶಾಮಿಯವರ ಫೋನ್. ಅದು ಮುಗಿಯಿತು ಎನ್ನುವಷ್ಟರಲ್ಲಿ ಬೆನ್ಸನ್ ಟೌನಿನಿಂದ. ಆಮೇಲೆ ಕೆ.ಆರ್. ಪುರ. ಫೋನ್ ಇಡುವುದೂ ಅದು ಹೊಡೆದುಕೊಳ್ಳುವುದೂ ಒಂದೇ ಆಯಿತು.

ಮಹಡಿಯ ಮೇಲೆ ಶಾಂತಕುಮಾರಿ ಶಿಳ್ಳೆ ಹಾಕಿದರು, ಬೇಡಿಕೊಂಡರು, ಬೈದರು. ಪಕ್ಕದ ಮನೆ ಗೋವಿಂದಮ್ಮ ತಮ್ಮ ಮಹಡಿಯಿಂದ, "ಒಬ್ಬಟ್ಟು ತೋರ್ಸಿ ನೋಡೇ" ಎಂದು ಸಲಹೆ ಕೊಟ್ಟರು. ಬೂದಿ ರೆಕ್ಕೆ ಕೆದರಿ ಕೊಕ್ಕಿನಿಂದ ಮೈ ತೀಡಿಕೊಳ್ಳುತ್ತಿದ್ದಳು. ಕೊನೆಗೆ ಶಾಂತಕುಮಾರಿ ದಡದಡನೆ ಕೆಳಗಿಳಿದು ಬಂದು, ಗಂಡನ ಮುಖ ನೋಡದೆ, ಅವರ ಮಂಕಿ ಟೋಪಿ ಮತ್ತು ಹಳೇ ಖಾಕಿ ಅಂಗಿಯನ್ನು ಎತ್ತಿಕೊಂಡು ಹೋದರು. ಅವೆರಡನ್ನೂ ಸೀರೆಯ ಮೇಲೆ ತೊಟ್ಟು, ದಪ್ಪ ದನಿಯಲ್ಲಿ ಕೆಮ್ಮಿ, ಡಬ್ಬಿ ಅಲ್ಲಾಡಿಸಿದರು. ಬೂದಿ ತಲೆ ಓರೆ ಮಾಡಿ ನೋಡಿದಳು. ಅನುಮಾನವೇನೋ ಇತ್ತು, ಆದರೂ ಇಳಿದು ಗೂಡಿನೊಳಗೆ ನಡೆದುಹೋದಳು.

ಹನ್ನೊಂದನೇ ಸ್ಥಾನ.

ಸಂಜೆ ಆದಿಲ್ ಕಬಾಬಿನ ಪೊಟ್ಟಣ ಹಿಡಿದುಕೊಂಡು ಬಂದರು. ಗೋವಿಂದಮ್ಮ ಅವರನ್ನು ಗೇಟಿನಲ್ಲೇ ನಿಲ್ಲಿಸಿ, ಬೂದಿ ಎಷ್ಟು ಹೊತ್ತಿಗೆ ಬಂದಳು, ಎಷ್ಟು ಹೊತ್ತು ಟ್ಯಾಂಕಿನ ಮೇಲಿದ್ದಳು, ಯಾರು ಯಾವ ವೇಷ ಹಾಕಿದರು ಎಲ್ಲವನ್ನೂ ಹೇಳಿಯಾಗಿತ್ತು.

"ಸಾರ್, ಹತ್ತು ಗಂಟೆ ಏಳು ನಿಮಿಷಕ್ಕೇ ಬಂದಿದ್ಲಂತೆ? ಎದ್ದು ಹೋಗ್ಬಾರ್ದಿತ್ತಾ? ನಿಮ್ ಪ್ರೋಗ್ರಾಂ ನಿಮ್ಮನ್ನೇ ಹನ್ನೊಂದಕ್ಕೆ ಇಳಿಸ್ಬಿಡ್ತಲ್ಲ!"

"ನಿಮ್ಮ ಕರೆ ಮೊದಲು ಬಂತು," ಎಂದ ಮುನೀಂದ್ರ ಅವರು ತಪ್ಪು ಎಲ್ಲಿತ್ತೆಂದು ವಿವರಿಸತೊಡಗಿದರು. "ನೋಡಿ, ಉತ್ತರ ಪೂರ್ತಿ ಕೇಳಿಸ್ಕೊಳ್ಳದೆ ಮುಂದಿನ ಮಾತು ಆಡಬಾರದು. ಇಷ್ಟೇ ನಿಯಮ."

"ಇದನ್ನೇ ಇವ್ರಿಗೆ ನಾನು ಮೂವತ್ತು ವರ್ಷದಿಂದ ಹೇಳ್ತಿದ್ದೀನಿ," ಎಂದರು ಶಾಂತಕುಮಾರಿ, ಅಡುಗೆಮನೆಯಿಂದ.

ಆದಿಲ್ ನಕ್ಕು, ಗಂಭೀರರಾಗಿ, ಸಂಘದವರೆಲ್ಲ ಫೋನಿನಲ್ಲೇ ತೀರ್ಮಾನಿಸಿದ್ದನ್ನು ತಿಳಿಸಿದರು. ನೋಟ್‌ಬುಕ್ ಇನ್ನು ಬೇಡ. ಪ್ರೋಗ್ರಾಮೇ ಕಾಯಂ, ಅದರ ಮುಂದೆ ಕೂರುವವರೂ ಕಾಯಂ. "ಹನ್ನೊಂದು ಜನಕ್ಕೂ ಡೌಟೇ ಇಲ್ಲ ಸಾರ್. ಇನ್ಮೇಲೆ ಪ್ರತಿ ರೇಸಿಗೂ ನೀವೇ."

ಮುನೀಂದ್ರ ಅವರಿಗೆ ಹಿಗ್ಗಾಯಿತು. ಸ್ವಲ್ಪ ಹೊತ್ತಿಗೆ ಅದರ ಅರ್ಥ ತಲೆಗಿಳಿದು ಹಿಗ್ಗು ಅರ್ಧಕ್ಕೆ ನಿಂತಿತು. ಪ್ರತಿ ರೇಸಿಗೂ ಅವರು ಕುರ್ಚಿಯಲ್ಲಿ. ಪ್ರತಿ ರೇಸಿಗೂ ಬೂದಿ ಟ್ಯಾಂಕಿನ ಮೇಲೆ.

ಶಾಂತಕುಮಾರಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಆದಿಲ್ ಅವ್ರೇ, ಸಂಘದಲ್ಲಿ ನನ್ನ ಹೆಸರೂ ಬರ್ಕೊಳ್ಳಿ. ಬೂದಿ ಇನ್ಮೇಲೆ ನನ್ ಹಕ್ಕಿ. ಇವ್ರು ಟೈಪ್ ಮಾಡ್ಕೊಂಡು ಇರ್ಲಿ."

"ಅಕ್ಕ, ನೀವು ಮೇಲಿಂದ ಕೂಗಿದ್ರೆ ಸಾರ್ ಕಿವಿಗೇ ಬೀಳ್ತದೆ. ನಾವು ಫೋನ್ ಹಚ್ಚೋದ್ರೊಳಗೆ ನೀವು ಗೆದ್ಬಿಡ್ತೀರ!"

"ಕೂಗಿದ್ದು ಲೆಕ್ಕಕ್ಕಿಲ್ಲ," ಎಂದರು ಮುನೀಂದ್ರ. "ಅವ್ಳೂ ಫೋನೇ ಮಾಡ್ಬೇಕು. ಲೈನ್ ಬ್ಯುಸಿ ಇದ್ರೆ ಕಾಯ್ಬೇಕು."

"ಕಾಯ್ತೀನಿ, ಬಿಡಿ," ಎಂದರು ಶಾಂತಕುಮಾರಿ. "ಆದ್ರೆ ಆ ಟೋಪಿ ಮಾತ್ರ ಇನ್ಮೇಲೆ ಕೇಳ್ಬೇಡಿ. ಅದು ನನ್ದು."