ಬರೆದ ಮಾತಿಲ್ಲದ ನಾಟಕ

ಬಕ್ಕೇಶ್ ಮೇಷ್ಟ್ರ ಮೇಲೆ ಭುವನೇಶ್ವರಿಗೆ ಮೊದಲ ದಿನದಿಂದಲೇ ಅನುಮಾನ. ಮಾಯಕೊಂಡದ ಈ ಮನುಷ್ಯ ಇಪ್ಪತ್ತು ವರ್ಷ ನಾಟಕ ಕಂಪನಿಯಲ್ಲಿ ರಾಜರ ಅಂಗಿ, ರಾಕ್ಷಸರ ಚಲ್ಲಣ ಹೊಲಿದವರು. ಯಾವುದೋ ರಂಗಶಿಬಿರಕ್ಕೆ ಬಟ್ಟೆ ಹೊಲಿಯಲು ಹೋದಾಗ, ಅಲ್ಲಿಗೆ ಬಂದಿದ್ದ ಇಟಲಿಯವರಿಂದ ಮುಖವಾಡದ ಆಟ ಕಲಿತರಂತೆ. ಈಗ ಹರಿಹರದಲ್ಲಿ ಟೈಲರ್ ಅಂಗಡಿ. ಭಾನುವಾರ ಅದರ ಮಹಡಿಯ ಮೇಲೆ ಮಕ್ಕಳಿಗೆ ಇಟಲಿಯ ಹಳೇ ನಗೆನಾಟಕ. ಅದೂ ಪುಕ್ಕಟೆ. ಪುಕ್ಕಟೆ ಕಲಿಸುವವರನ್ನು ನಂಬುವುದು ಹೇಗೆ?

ಒಂಬತ್ತು ವರ್ಷದ ಮಗಳು ಸ್ನೇಹಾಗೆ ಮಾತ್ರ ಮನೆಗೆ ಬಂದರೂ ಅದೇ ಧ್ಯಾನ.

"ಅಮ್ಮಾ, ನಾಕ್ನೂರು ವರ್ಷದ ಹಿಂದೆ ಇಟಲಿಯೋರು ಸಂತೆ ಬಯಲಾಗೆ ಹಲಗೆ ಹಾಸಿ ಆಡ್ತಿದ್ರಂತೆ! ಮುಖವಾಡ ಮೂಗಿನ ತನಕ ಅಷ್ಟೇ, ಬಾಯಿ ಖಾಲಿ. ನಾನು ಜಿಪುಣ ಮುದುಕ. ನನ್ನ ಜೊತೆ ಕಲಿಯೋ ನೌಮಾನ್ ನನ್ನ ಆಳು, ಅವ್ನಿಗೆ ಯಾವಾಗ್ಲೂ ಹಸಿವು."

"ನಿನ್ನ ಮಾತು ಎಲ್ಲೈತೆ? ಕೊಡು, ಬಾಯಿಪಾಠ ಮಾಡಿಸ್ತೀನಿ."

"ಬರ್ದಿರಲ್ಲಮ್ಮ. ಮನೇಲಿ ನೋಡಿದ್ದು ನೆನಪು ಮಾಡ್ಕೊಂಡು ಆಡ್ರಿ ಅಂತಾರೆ ಮೇಷ್ಟ್ರು."

ಮಗಳು ಮನೆಯಲ್ಲಿ ಕೇಳಿದ್ದನ್ನೆಲ್ಲ ಆಡಿಬಿಟ್ಟರೆ ಗತಿಯೇನು ಎಂದು ಭುವನೇಶ್ವರಿ ಗಾಬರಿಯಾದಳು. ಹೋದ ವಾರವಷ್ಟೇ ಹಿತ್ತಲಲ್ಲಿ ನಿಂತು ತಂಗಿಗೆ ಫೋನಿನಲ್ಲಿ, "ಅತ್ತೆ ಜೊತೆ ಇನ್ನು ಆಗಲ್ಲ, ದಾವಣಗೆರೆಯಾಗೆ ಬೇರೆ ಮನೆ ಮಾಡ್ತೀವಿ" ಎಂದು ಅತ್ತಿದ್ದಳು. ತಿರುಗಿದರೆ ಹಿಂದೆಯೇ ಸ್ನೇಹಾ. ದಾವಣಗೆರೆಯಲ್ಲಿ ಈ ಮಕ್ಕಳು ಕೊಡಲಿರುವ ಪ್ರದರ್ಶನಕ್ಕೆ ಅತ್ತೆ ಮರುಳಸಿದ್ದಮ್ಮ ಆಗಲೇ ಸೀರೆ ಇಸ್ತ್ರಿ ಮಾಡಿಸಿಟ್ಟಿದ್ದರು.

ಮರುದಿನವೇ ಅಂಗಡಿಗೆ ಹೋದಳು. ಬಕ್ಕೇಶ್ ಹಳೇ ಪೇಪರಿಗೆ ಹುಣಸೆಬೀಜದ ಅಂಟು ಬಳಿದು ಮುದುಕನ ಮುಖವಾಡದ ಕೊಕ್ಕೆ ಮೂಗು ತೀಡುತ್ತಿದ್ದರು.

"ಮೇಷ್ಟ್ರೇ, ಮಾತು ಬರ್ದು ಕೊಡ್ರಿ. ಇಲ್ಲಾಂದ್ರೆ ಹುಡುಗೀನ ಕಳಿಸಲ್ಲ."

"ಇದ್ರಾಗೆ ಬರ್ದ ಮಾತೇ ಇರಲ್ಲ ಅಕ್ಕಾರೆ. ಯಾರು ಬರ್ತಾರೆ, ಏನು ನಡೀತೈತೆ ಅಂತ ಪರದೆ ಹಿಂದೆ ಒಂದು ಚೀಟಿ. ಮಿಕ್ಕಿದ್ದು ಆಡೋರ ಬಾಯಾಗೆ."

"ಮನೆಮನೆ ಸುದ್ದಿ ಕೆದಕೋಕೆ ಚಲೋ ಉಪಾಯ."

"ನಿಮ್ಮ ಮನೆ ಸುದ್ದಿ ನಂಗ್ಯಾಕ್ರಿ? ನನ್ನ ಮನೇದೇ ಬೇಕಾದಷ್ಟೈತೆ," ಎಂದು ನಕ್ಕರು.

ಆ ನಗುವಿನ ಮೇಲೂ ಅವಳಿಗೆ ಅನುಮಾನವೇ. ಆದರೆ ಬಿಡಿಸಿದರೆ ಮಗಳು ಅಳುತ್ತಾಳೆ, ಯಾಕೆಂದು ಅತ್ತೆ ಕೇಳುತ್ತಾರೆ. ಬಿಡಿಸಲಿಲ್ಲ. ಪ್ರತಿ ಭಾನುವಾರ "ಏನೇನು ಹೇಳಿದ್ಯೇ ಅಲ್ಲಿ?" ಎಂದು ತಲೆ ಬಾಚುತ್ತಾ ಕೆದಕಿದಳು. ಜಡೆ ಮುಗಿದದ್ದೇ ಸ್ನೇಹಾ ಓಡಿಹೋಗುತ್ತಿದ್ದಳು.

ಪ್ರದರ್ಶನದ ದಿನ ನೌಮಾನ್ ಪಲ್ಟಿ ಹೊಡೆದ, ಕಾಣದ ನೊಣವನ್ನು ಹಿಡಿದು ಚಪ್ಪರಿಸಿ ತಿಂದ. ಮರುಳಸಿದ್ದಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಯಜಮಾನ್ರೇ, ಮನೇಲಿ ಇವತ್ತು ಅಡಿಗೆ ಯಾಕಿಲ್ಲ?" ಎಂದು ನೌಮಾನ್ ಮುದುಕನ ವೇಷದ ಸ್ನೇಹಾಳನ್ನು ಕೇಳಿದ.

"ಸೊಸೆ ಹಿತ್ಲಾಗೆ ಅಳ್ತಾ ಕೂತಾಳೋ."

"ಯಾಕ?"

ಭುವನೇಶ್ವರಿ ಕುರ್ಚಿಯ ಕೈ ಹಿಡಿದುಕೊಂಡಳು. ಸ್ನೇಹಾಳ ಕೊಕ್ಕೆ ಮೂಗು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಿರುಗಿತು.

"ಯಾರಿಗ್ಗೊತ್ತಲೇ! ನಾನು ಒಂದಿನಾನೂ ಕೇಳಿಲ್ಲ."

ಸಭೆಯೆಲ್ಲ ನಕ್ಕಿತು. ಮರುಳಸಿದ್ದಮ್ಮ ನಗಲಿಲ್ಲ.

ಆಟ ಮುಗಿದದ್ದೇ ಭುವನೇಶ್ವರಿ ಪರದೆಯ ಹಿಂದೆ ನುಗ್ಗಿದಳು. "ಆ ಮಾತು ನೀವೇ ಹೇಳ್ಕೊಟ್ಟಿದ್ದಲ್ವಾ?"

ಬಕ್ಕೇಶ್ ಹಲ್ಲಲ್ಲಿ ಕಚ್ಚಿದ್ದ ದಾರ ಕಡಿದರು. "ಯಾವ ಮಾತ್ರಿ? ನೌಮಾನಂದು ಚಲ್ಲಣ ಹರ್ದೋಗೈತೆ, ಹೊಲೀತಾ ಕೂತೀನಿ."

ಅರ್ಧ ನಂಬಿ ಬಂದಳು.

ಹರಿಹರದ ಬಸ್ಸಿನಲ್ಲಿ ಸ್ನೇಹಾ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಮರುಳಸಿದ್ದಮ್ಮ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು: "ಹಿತ್ಲಾಗೆ ಅತ್ತಿದ್ದು ನೀನೇನವ್ವ?"

ಇದರ ಹಿಂದೆ ಇನ್ನೇನಿದೆಯೋ ಎಂದು ಅವಳು ಅತ್ತೆಯ ಮುಖವನ್ನು ಸ್ವಲ್ಪ ಹೊತ್ತು ಹುಡುಕಿದಳು.

"ಹೂಂ ಅತ್ತೆ."

"ಯಾಕ?"

"ಹೇಳ್ತಾ ಹೋದ್ರೆ ಭಾಳ ಐತ್ರಿ."

"ಹರಿಹರ ಬರೋಕೆ ಇನ್ನೂ ಹೊತ್ತೈತೆ. ಹೇಳು."