ಗರಿಗಾಳಕ್ಕೆ ಬಂದ ಮೂರು ಎಳೆತ

ಇಂಥದ್ದನ್ನು ಯಾರಾದರೂ ಹೇಳಿದರೆ, "ನಿನ್ನೆ ಎಷ್ಟು ಹಾಕಿದ್ದೆ ಮಾರಾಯ?" ಎಂದು ಕೇಳುವ ಪೈಕಿ ನಾನು. ಈಗ ನೀವು ನನ್ನನ್ನೇ ಹಾಗೆ ಕೇಳಿದರೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅದಕ್ಕಿಂತ ಹೆಚ್ಚಿನ ಶಕ್ತಿ ನನ್ನಲ್ಲಿಲ್ಲ.

ನನಗೆ ಮೀನು ಹಿಡಿಯಲು ಕಲಿಸಿದವನು ಅಣ್ಣ ವಲೇರಿಯನ್. ಹುಂಜದ ಬಿಳಿ ಗರಿಯನ್ನು ಕೆಂಪು ನೂಲಿನಿಂದ ಗಾಳಕ್ಕೆ ಕಟ್ಟುತ್ತಿದ್ದ. ನೀರಲ್ಲಿ ಅದು ಮರಿಮೀನಿನಂತೆ ಆಡುತ್ತಿತ್ತು. ಊರ ಹೊಳೆಯಲ್ಲಿ ನಾವು ಸೊಂಟಮಟ್ಟ ನೀರಿಗಿಳಿದು ನಿಂತರೆ ಅವನದೊಂದು ಕುಚೋದ್ಯ. ಸದ್ದಿಲ್ಲದೆ ಮುಳುಗಿ ಬಂದು ನನ್ನ ದಾರವನ್ನು ಮೂರು ಸಲ ಎಳೆಯುವುದು. ನಾನು ತಿರುಗಿ ಒಂದು ಸಲ ಎಳೆದರೆ 'ನೀನೇ ಅಂತ ಗೊತ್ತಾಯ್ತು' ಎಂದರ್ಥ. ಅಲ್ಲಿಯವರೆಗೆ ಮೇಲೆ ಬರದೆ ಉಸಿರು ಕಟ್ಟಿಕೊಂಡೇ ಇರುತ್ತಿದ್ದ. ನಾನು ಬೇಕೆಂದೇ ತಡಮಾಡುತ್ತಿದ್ದೆ. ಈ ಆಟ ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅಣ್ಣ ಹೃದಯಾಘಾತದಿಂದ ತೀರಿಹೋದಾಗ ನಾನು ದೋಹಾದಲ್ಲಿದ್ದೆ. ರಜೆ ಕೊಡಲಿಲ್ಲ ಎಂದು ಊರಿಗೂ ಜೊತೆಯಲ್ಲೇ ಇದ್ದ ಹೆಂಡತಿ ಲವೀನಾಳಿಗೂ ಹೇಳಿದೆ. ಸುಳ್ಳು. ನಾನು ಕೇಳಲೇ ಇಲ್ಲ. ಕೇಳಿದ್ದರೆ ಸಿಗುತ್ತಿತ್ತು. ಆ ವಾರವಿಡೀ ಗೋದಾಮಿನಲ್ಲಿ ನಿಂತು ನಿಂತು ಹೈರಾಣಾಗಿದ್ದೆ. ವಿಮಾನ ಹತ್ತುವುದು, ಅತ್ತಿಗೆಯ ಮುಖ ನೋಡುವುದು, ಯಾವುದೂ ಬೇಡ ಅನಿಸಿತು. ಅಣ್ಣನನ್ನು ಮಣ್ಣು ಮಾಡುವ ಹೊತ್ತಿಗೆ ನಾನು ನಿದ್ದೆ ಮಾಡುತ್ತಿದ್ದೆ.

ಮರುವರ್ಷ ಈದ್ ರಜೆಯಲ್ಲಿ ಮಗಳು ಶರಲ್ ಹಟ ಹಿಡಿದಳೆಂದು ಮೂವರೂ ದೋಹಾ ಪಕ್ಕದ ಅಲ್ ವಕ್ರಾದ ಕಡಲತಡಿಗೆ ಹೋದೆವು. ಅವಳಿಗಾಗ ಒಂಬತ್ತು ವರ್ಷ. ನನಗೆ ಮಲಗಿದ್ದರೆ ಸಾಕಿತ್ತು. ಆದರೂ ಸೂಕ್ ವಾಕಿಫ್ ಪೇಟೆಯ ಹಕ್ಕಿ ಅಂಗಡಿಯಲ್ಲಿ ಕೇಳಿ ತಂದ ಗರಿಯನ್ನು ಗಾಳಕ್ಕೆ ಕಟ್ಟಿ, ಎಸೆದು, ದಾರವನ್ನು ಅವಳ ಕೈಗೆ ಕೊಟ್ಟೆ. ಸಂಜೆ ನಾಲ್ಕರ ಬಿಸಿಲು. ಮೊಣಕಾಲುದ್ದ ನೀರು, ತಳದ ಮರಳು ಕಾಣುವಷ್ಟು ತಿಳಿ.

ಲವೀನಾ ಚಾಪೆಯಿಂದಲೇ, "ಎಂತ ಮೀನುಂಟು ಮಾರಾಯ್ರೆ ಅಲ್ಲಿ? ಖಲಾಸ್, ಚಾ ಕುಡಿಯಿರಿ ಬನ್ನಿ" ಎಂದಳು.

ಅಷ್ಟರಲ್ಲಿ ಶರಲ್, "ಪಪ್ಪಾ, ಯಾರೋ ಪುಲ್ ಮಾಡ್ತಿದ್ದಾರೆ" ಎಂದಳು.

ನಾನು ದಾರ ಹಿಡಿದೆ. ಮೂರು ಎಳೆತ. ಸ್ವಲ್ಪ ಬಿಟ್ಟು ಮತ್ತೆ ಮೂರು. ಮೀನು ಹಾಗೆ ಎಳೆಯುವುದಿಲ್ಲ, ಕಚ್ಚಿಕೊಂಡು ಓಡುತ್ತದೆ. ಐದಾರು ಮಾರು ದೂರದಲ್ಲಿ ಬಿಳಿ ಗರಿ ಚೆನ್ನಾಗಿಯೇ ಕಾಣುತ್ತಿತ್ತು, ಸುತ್ತ ಏನೂ ಇರಲಿಲ್ಲ. ಆದರೂ ಮೂರು, ಮತ್ತೆ ಮೂರು. ತಿರುಗಿ ಒಂದು ಸಲ ಎಳೆಯಬೇಕಿತ್ತು, ಅಷ್ಟೆ. ನನ್ನಿಂದ ಆಗಲಿಲ್ಲ. ಮಣ್ಣಿಗೂ ಹೋಗದವನು ಯಾವ ಮುಖ ಇಟ್ಟುಕೊಂಡು 'ನೀನೇ ಅಂತ ಗೊತ್ತಾಯ್ತು' ಎನ್ನಲಿ?

ಶರಲ್ ನನ್ನ ಕೈಯಿಂದ ದಾರ ತೆಗೆದುಕೊಂಡು ಒಂದೇ ಒಂದು ಸಲ ಮೆಲ್ಲಗೆ ಎಳೆದಳು. ದಾರ ಸಡಿಲವಾಯಿತು.

"ಬಿಟ್ರು" ಎಂದಳು.

"ಹಾಗೆ ಎಳೀಬೇಕು ಅಂತ ಯಾರು ಹೇಳಿದ್ದು ನಿನಗೆ?"

"ಯಾರೂ ಇಲ್ಲ. ಪಾಪ ಅನಿಸ್ತು."

ಅಂದು ಕಾರಿನಲ್ಲಿ ಲವೀನಾಳಿಗೆ ರಜೆಯ ನಿಜ ಹೇಳಿದೆ. ಅಲೆಯ ಸೆಳೆತ, ನನ್ನ ನಿದ್ದೆಗೆಟ್ಟ ತಲೆ, ಏನೇನೋ ಹೇಳಿಕೊಂಡು ನೋಡಿದ್ದೇನೆ. ಶರಲ್‌ಳ ಒಂದು ಎಳೆತಕ್ಕೆ ಅದು ಯಾಕೆ ನಿಂತಿತು ಎಂಬುದು ಇವತ್ತಿಗೂ ತಿಳಿದಿಲ್ಲ. ಆಮೇಲೆ ಎಷ್ಟೋ ಶುಕ್ರವಾರ ಒಬ್ಬನೇ ಹೋಗಿ, ಅದೇ ಜಾಗದಲ್ಲಿ ಗರಿ ಬಿಟ್ಟು ಕಾದಿದ್ದೇನೆ. ಮೂರು ಎಳೆತ ಬರುವುದಿಲ್ಲ. ನಾನೇ ಒಂದು ಸಲ ಎಳೆದು ಮನೆಗೆ ಬರುತ್ತೇನೆ.